ಆರನೇ ಹಾಳೆಯ ಕೊನೆಯ ಜೇಬು: ಕಾರ್ಡ್ ಗ್ರೂಪಿನಲ್ಲಿ ನಮ್ಮ ಐದು ತಿಂಗಳು

ಕಳೆದ ವಾರ ನನ್ನ ಮಗಳ ಪೋಕೆಮಾನ್ ಕಾರ್ಡ್ ಸೆಟ್ ಪೂರ್ತಿಯಾಯಿತು. 165 ಕಾರ್ಡು. ಜೂನ್‌ನಲ್ಲಿ ಶುರು ಮಾಡಿದ್ದು ನವೆಂಬರ್‌ಗೆ ಮುಗಿಯಿತು. ಈ ಐದು ತಿಂಗಳಲ್ಲಿ, ಕಾರ್ಡು ಕೊಳ್ಳುವ, ಮಾರುವ, ಬದಲಾಯಿಸಿಕೊಳ್ಳುವ ಆನ್‌ಲೈನ್ ಗ್ರೂಪಿನಲ್ಲಿ ನನ್ನ ಮೊದಲ ಪೋಸ್ಟ್ ಇಪ್ಪತ್ತೇ ನಿಮಿಷಕ್ಕೆ ಡಿಲೀಟ್ ಆಯಿತು. ಒಂದು ವಾರ ಮ್ಯೂಟ್ ಆದೆ, ಅಂದರೆ ಪೋಸ್ಟ್ ಹಾಕುವಂತಿರಲಿಲ್ಲ. ಒಬ್ಬ ಹುಡುಗನ ಮನಸ್ಸು ನೋಯಿಸಿದೆ. ಒಂದು ಲಕೋಟೆ ಒಂಬತ್ತು ದಿನ ಎಲ್ಲಿದೆ ಅಂತಲೇ ಗೊತ್ತಾಗದೆ ನಿದ್ದೆ ಕೆಟ್ಟಿತು. ಮಕ್ಕಳಿಗೋಸ್ಕರ ಇಂಥ ಗ್ರೂಪ್ ಸೇರುವ ಅಪ್ಪ ಅಮ್ಮಂದಿರು ಈಗ ಜಾಸ್ತಿ ಆಗುತ್ತಿದ್ದಾರೆ. ಅವರಿಗೆ ನನ್ನಷ್ಟು ಕಷ್ಟ ಆಗದಿರಲಿ ಅಂತ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ನಾವಿರುವುದು ತುಮಕೂರಿನಲ್ಲಿ. ಮಗಳಿಗೆ ಹನ್ನೊಂದು ವರ್ಷ. ಮೊದಲು ಅವಳ ಹತ್ತಿರ ಇದ್ದದ್ದು ಶಾಲೆ ಹತ್ತಿರದ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಬಂಗಾರದ ಬಣ್ಣದ ಪ್ಲಾಸ್ಟಿಕ್ ಕಾರ್ಡುಗಳು. ರಜೆಗೆ ಬಂದ ಅವಳ ಅತ್ತೆ ಮಗ ಅದನ್ನು ನೋಡಿ, "ಇವೆಲ್ಲ ಡೂಪ್ಲಿಕೇಟು" ಅಂದ. ಅವಳು ರಾತ್ರಿ ಊಟ ಮಾಡಲಿಲ್ಲ. ಮರುದಿನ ಅವನೇ ತನ್ನ ಹತ್ತಿರ ಎರಡೆರಡು ಇದ್ದ ಹದಿನೈದು ಅಸಲಿ ಕಾರ್ಡು ಕೊಟ್ಟು ಹೋದ. ಎಲ್ಲ ಶುರುವಾಗಿದ್ದು ಅಲ್ಲಿಂದ.

ಗೊತ್ತಿಲ್ಲದವರಿಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ಪೋಕೆಮಾನ್ ಅಂದರೆ ಜಪಾನಿನ ವಿಡಿಯೋ ಗೇಮು, ಕಾರ್ಟೂನುಗಳಲ್ಲಿ ಬರುವ ಕಾಲ್ಪನಿಕ ಪ್ರಾಣಿಗಳು. ಅವುಗಳ ಚಿತ್ರ ಇರುವ ಈ ಕಾರ್ಡುಗಳು ಜಪಾನಿನಲ್ಲಿ 1996ರಲ್ಲಿ ಬಂದವು, ಇಂಗ್ಲಿಷಿನಲ್ಲಿ 1999ರಲ್ಲಿ. ಅವನು ಕೊಟ್ಟದ್ದು 2023ರ ಸೆಪ್ಟೆಂಬರ್‌ನಲ್ಲಿ ಬಂದ '151' ಎಂಬ ಸೆಟ್ಟಿನ ಕಾರ್ಡುಗಳು. ಮೊಟ್ಟಮೊದಲ 151 ಪೋಕೆಮಾನ್‌ಗಳೂ ತಮ್ಮ ತಮ್ಮ ಸಂಖ್ಯೆಯ ಕ್ರಮದಲ್ಲೇ ಇದರಲ್ಲಿವೆ. ಕಾರ್ಡಿನ ಕೆಳಗೆ ಎಡ ಮೂಲೆಯಲ್ಲಿ ಸಣ್ಣದಾಗಿ 025/165 ಅಂತಿದ್ದರೆ ಅದು ಪಿಕಾಚು. 165 ದಾಟಿದ ಸಂಖ್ಯೆಯ ವಿಶೇಷ ಕಾರ್ಡುಗಳೂ ಸೇರಿದರೆ ಒಟ್ಟು 207. ನಾವು 165ಕ್ಕೇ ನಿಲ್ಲಿಸೋಣ ಅಂತ ಮೊದಲೇ ಮಾತಾಡಿಕೊಂಡೆವು. ಈ ಮಾತು ಆಡಿಕೊಳ್ಳದಿದ್ದರೆ ಖರ್ಚಿಗೆ ತಳವೇ ಇರುವುದಿಲ್ಲ, ಯಾಕೆಂದರೆ ತೀರಾ ದುಬಾರಿ ಕಾರ್ಡುಗಳು ಹೆಚ್ಚಾಗಿ ಆ ಕೊನೆಯ 42ರಲ್ಲೇ ಇವೆ.

ಹುಟ್ಟುಹಬ್ಬಕ್ಕೆ ಅವಳ ಮಾವ ಪ್ಯಾಕೆಟ್‌ಗಳ ಒಂದು ಪೆಟ್ಟಿಗೆ ಕೊಡಿಸಿದ. ಒಂದು ಪ್ಯಾಕೆಟ್‌ಗೆ ಹತ್ತು ಕಾರ್ಡು. ಶುರುವಿನಲ್ಲಿ ಪ್ರತಿ ಪ್ಯಾಕೆಟ್‌ನಲ್ಲೂ ಹೊಸದು ಸಿಗುತ್ತಿತ್ತು. ನೂರು ದಾಟಿದ ಮೇಲೆ ಬರೀ ಬಂದದ್ದೇ ಬರತೊಡಗಿತು. ಜೂನ್ ಮೊದಲ ವಾರ ಉದ್ದ ನೋಟ್‌ಬುಕ್ಕಿನಲ್ಲಿ ಇಬ್ಬರೂ ಕೂತು ಪಟ್ಟಿ ಮಾಡಿದಾಗ 41 ಕಾರ್ಡು ಬಾಕಿ, ಎರಡನೇ ಪ್ರತಿಗಳು 60ಕ್ಕೂ ಜಾಸ್ತಿ. ಆ 41ರಲ್ಲಿ ಮುಕ್ಕಾಲು ಪಾಲು ಬಿಡಿಯಾಗಿ ತಗೊಂಡರೆ ಹತ್ತು, ಇಪ್ಪತ್ತು ರೂಪಾಯಿಯವು. ಪ್ಯಾಕೆಟ್ ಹರಿಯುವುದಕ್ಕಿಂತ ಬಿಡಿ ಕೊಳ್ಳುವುದು, ಬದಲಾಯಿಸಿಕೊಳ್ಳುವುದು ಎಷ್ಟೋ ಮೇಲು. ಅದಕ್ಕೆ ಗ್ರೂಪ್ ಬೇಕು. ಅತ್ತೆ ಮಗನೇ ಒಂದು ಗ್ರೂಪಿನ ಲಿಂಕ್ ಕಳಿಸಿದ.

ಸೇರುವುದಕ್ಕೇ ನಾಲ್ಕು ದಿನ ಹಿಡಿಯಿತು. ಹೆಸರು, ಊರು, ಏನು ಸಂಗ್ರಹ ಮಾಡುತ್ತೀರಿ, ಗ್ರೂಪಿನಲ್ಲಿ ನಿಮ್ಮನ್ನು ಬಲ್ಲವರು ಯಾರಾದರೂ ಇದ್ದಾರಾ ಅಂತ ಕೇಳಿದರು. ಕೊನೆಗೆ, ನಿಯಮ ಓದಿದ್ದೀರಾ ಅಂತ. ನಾನು ಓದದೆಯೇ ಹೌದು ಒತ್ತಿದೆ. ಇಲ್ಲೇ ತಪ್ಪಿದ್ದು. ಇನ್ನೊಂದು ಮಾತು: ಕೆಲವು ಕಡೆ ಗುರುತಿಗೆ ಆಧಾರ್ ಫೋಟೋ ಕೇಳುತ್ತಾರಂತೆ. ಕೊಡಬೇಡಿ. ನಮ್ಮ ಗ್ರೂಪಿನಲ್ಲಿ ಕೇಳಲಿಲ್ಲ. ಮತ್ತೆ, ಮಗಳ ಹೆಸರಿನಲ್ಲಿ ಖಾತೆ ತೆರೆಯದೆ ನನ್ನ ಹೆಸರಿನಲ್ಲೇ ಸೇರಿದೆ. ಹಣ, ವಿಳಾಸದ ವ್ಯವಹಾರ ಇರುವ ಕಡೆ ಮಕ್ಕಳನ್ನು ಒಂಟಿಯಾಗಿ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಒಳಗೆ ಹೋದ ದಿನವೇ ಪೋಸ್ಟ್ ಹಾಕಿದೆ. ಮಂಚದ ಮೇಲೆ ಹೂವಿನ ಬೆಡ್‌ಶೀಟು, ಅದರ ಮೇಲೆ ಅರವತ್ತು ಕಾರ್ಡು ಹರಡಿ, ರಾತ್ರಿ ಫ್ಲಾಶ್ ಹಾಕಿ ಒಂದೇ ಫೋಟೋ. ಕೆಳಗೆ, "ಮಗಳ ಕಾರ್ಡುಗಳು, ಬೇಕಾದವರು ಮೆಸೇಜ್ ಮಾಡಿ, ಒಳ್ಳೆ ರೇಟ್ ಕೊಡಿ" ಅಂತ ಇಂಗ್ಲಿಷಿನಲ್ಲಿ ಬರೆದೆ. ಇಪ್ಪತ್ತು ನಿಮಿಷದಲ್ಲಿ ಪೋಸ್ಟ್ ಇಲ್ಲ. ಅಡ್ಮಿನ್ ಕಡೆಯಿಂದ ಮೂರು ಸಾಲಿನ ಮೆಸೇಜು: ಹೆಸರು ದಿನಾಂಕದ ಚೀಟಿ ಇಲ್ಲ, ಬೆಲೆ ಇಲ್ಲ, ಮೂಲೆಯಲ್ಲಿ ಎರಡು ನಕಲಿ ಕಾರ್ಡು ಇವೆ. ಏಳು ದಿನ ಪೋಸ್ಟ್ ಹಾಕುವಂತಿಲ್ಲ.

ಆ ಎರಡು ಬಂಗಾರದ ಕಾರ್ಡು ಹೇಗೆ ರಾಶಿಯಲ್ಲಿ ಸೇರಿದ್ದವೋ, ನಾನು ಗಮನಿಸಿಯೇ ಇರಲಿಲ್ಲ. ಆದರೆ ನೋಡಿದವರಿಗೆ ಅದು ಹೇಗೆ ಗೊತ್ತಾಗಬೇಕು? ಮುಖಕ್ಕೆ ಹೊಡೆದ ಹಾಗಾಯಿತು. ಇಪ್ಪತ್ತು ವರ್ಷ ಲೆಕ್ಕ ಬರೆದು ಬದುಕಿದವಳು ನಾನು, ಒಂದು ರೂಪಾಯಿ ಆಚೀಚೆ ಮಾಡಿದವಳಲ್ಲ. ನಕಲಿ ಮಾಲು ಮಾರುವವಳು ಅಂತ ಯಾರೋ ಅಂದುಕೊಂಡರಲ್ಲ ಅಂತ ಬೇಜಾರಾಯಿತು. ಮಗಳಿಗೆ ಹೇಳಲಿಲ್ಲ. ಮಲಗುವ ಮುಂಚೆ ಎರಡು ರಾತ್ರಿ ಕೂತು ನಿಯಮಗಳನ್ನೂ ಹಳೆಯ ಪೋಸ್ಟುಗಳನ್ನೂ ಓದಿದೆ. ಓದುತ್ತಾ ಹೋದ ಹಾಗೆ ಸಿಟ್ಟು ಇಳಿಯಿತು. ಒಂದೊಂದು ನಿಯಮದ ಹಿಂದೆಯೂ ಯಾರೋ ದುಡ್ಡು ಕಳೆದುಕೊಂಡ ಕಥೆ ಇತ್ತು.

ಚೀಟಿಯ ವಿಷಯವನ್ನೇ ತಗೊಳ್ಳಿ. ಇವರು ಟೈಮ್‌ಸ್ಟಾಂಪ್ ಅನ್ನುತ್ತಾರೆ. ಒಂದು ಸಣ್ಣ ಕಾಗದದ ಮೇಲೆ ಗ್ರೂಪಿನಲ್ಲಿರುವ ನಿಮ್ಮ ಹೆಸರು, ಅವತ್ತಿನ ದಿನಾಂಕ ಕೈಯಲ್ಲಿ ಬರೆದು ಕಾರ್ಡಿನ ಪಕ್ಕ ಇಟ್ಟು ಫೋಟೋ ತೆಗೆಯಬೇಕು. ಬೇರೆಯವರ ಫೋಟೋ ಕದ್ದು ಮಾರುವವರು ಇದ್ದಾರೆ. ಕಾರ್ಡು ಇವತ್ತು ನಿಮ್ಮ ಕೈಯಲ್ಲೇ ಇದೆ ಅನ್ನುವುದಕ್ಕೆ ಆ ಚೀಟಿಯೇ ಸಾಕ್ಷಿ. ಫೋನಿನಲ್ಲಿ ಟೈಪ್ ಮಾಡಿ ಫೋಟೋದ ಮೇಲೆ ಅಂಟಿಸಿದರೆ ನಡೆಯುವುದಿಲ್ಲ. ಚೀಟಿ ಕಾರ್ಡಿನ ಮೂಲೆಯನ್ನು ಮುಚ್ಚಲೂಬಾರದು, ಯಾಕೆಂದರೆ ಕೊಳ್ಳುವವರು ಮೊದಲು ನೋಡುವುದೇ ಮೂಲೆ. ನಮ್ಮ ಗ್ರೂಪಿನಲ್ಲಿ ಏಳು ದಿನಕ್ಕಿಂತ ಹಳೆಯ ಚೀಟಿ ಒಪ್ಪುವುದಿಲ್ಲ.

ಬೆಲೆಯ ವಿಷಯವೂ ಹಾಗೇ. "ಬೆಲೆಗೆ ಮೆಸೇಜ್ ಮಾಡಿ" ಅಂದರೆ ಮನುಷ್ಯನನ್ನು ನೋಡಿ ಬೆಲೆ ಹೇಳುವ ಅವಕಾಶ ಇಟ್ಟುಕೊಂಡ ಹಾಗೆ. ಹೊಸಬರಿಗೆ, ಮಕ್ಕಳಿಗೆ ಅದು ಮೋಸ. ಎಲ್ಲರಿಗೂ ಕಾಣುವ ಹಾಗೆ ಒಂದೇ ಬೆಲೆ, ಅಂಚೆ ಖರ್ಚು ಸೇರಿದೆಯಾ ಇಲ್ಲವಾ ಅಂತ ಸ್ಪಷ್ಟವಾಗಿ ಬರೆಯಬೇಕು. ಪೋಸ್ಟಿನ ಮೊದಲ ಪದ ಡಬ್ಲ್ಯುಟಿಎಸ್ ಅಂದರೆ ಮಾರುವುದಕ್ಕೆ, ಡಬ್ಲ್ಯುಟಿಬಿ ಅಂದರೆ ಕೊಳ್ಳುವುದಕ್ಕೆ, ಡಬ್ಲ್ಯುಟಿಟಿ ಅಂದರೆ ಬದಲಾಯಿಸುವುದಕ್ಕೆ. ಇಷ್ಟು ಹಾಕದಿದ್ದರೆ ಹುಡುಕುವವರಿಗೆ ನಿಮ್ಮ ಪೋಸ್ಟ್ ಸಿಗುವುದೇ ಇಲ್ಲ.

ಆ ವಾರದಲ್ಲೇ ನಕಲಿ ಗುರುತಿಸುವುದನ್ನೂ ಕಲಿತೆವು. ಅಸಲಿ ಕಾರ್ಡಿನ ಹೊಟ್ಟೆಯಲ್ಲಿ ಕಪ್ಪು ಪದರ ಇರುತ್ತದೆ, ಹಿಂದೆ ಟಾರ್ಚ್ ಹಿಡಿದರೆ ಬೆಳಕು ಅಷ್ಟಾಗಿ ದಾಟುವುದಿಲ್ಲ. ಹೆಚ್ಚಿನ ನಕಲಿಗಳಲ್ಲಿ ಬೆಳಕು ಸಲೀಸಾಗಿ ಹಾಯುತ್ತದೆ. ಅಕ್ಷರದ ದಪ್ಪ, ಹಿಂಬದಿಯ ನೀಲಿಯ ಬಣ್ಣ ಸಹ ಬೇರೆ ಇರುತ್ತದೆ. ಇಂಗ್ಲಿಷ್ ಕಾರ್ಡುಗಳ ಬೆನ್ನಿನ ಚಿತ್ರ 1999ರಿಂದ ಬದಲಾಗಿಲ್ಲ, ಹಾಗಾಗಿ ಅಸಲಿ ಅಂತ ಖಾತ್ರಿ ಇರುವ ಒಂದು ಕಾರ್ಡು ಪಕ್ಕದಲ್ಲಿಟ್ಟು ಹೋಲಿಸಿದರೆ ಸಾಕು. ಮಗಳು ಕರೆಂಟ್ ಹೋದ ಒಂದು ಸಂಜೆ ಎಲ್ಲ ಕಾರ್ಡುಗಳನ್ನೂ ಟಾರ್ಚಿಗೆ ಹಿಡಿದು ನೋಡಿದಳು. ಬಂಗಾರದವನ್ನು ತಾನೇ ಬೇರೆ ಡಬ್ಬಿಗೆ ಹಾಕಿದಳು. ಬಿಸಾಡಲಿಲ್ಲ. ನಾನೂ ಬಿಸಾಡು ಅನ್ನಲಿಲ್ಲ.

ಮ್ಯೂಟ್ ಮುಗಿದ ಶನಿವಾರ ಎರಡನೇ ಪೋಸ್ಟು. ಈ ಸಲ ಇಡೀ ಮಧ್ಯಾಹ್ನ ಬೇಕಾಯಿತು. ಕಿಟಕಿ ಪಕ್ಕದ ಊಟದ ಟೇಬಲ್ಲಿನ ಮೇಲೆ ಕಪ್ಪು ಬಟ್ಟೆ ಹಾಸಿದೆವು. ಬಿಸಿಲು ನೇರವಾಗಿ ಬೀಳದ ಬೆಳಕು ಬೇಕು, ನೇರ ಬಿಸಿಲಲ್ಲಿ ಹೊಳೆಯುವ ಕಾರ್ಡು ಫೋಟೋದಲ್ಲಿ ಮಿಂಚಿಬಿಡುತ್ತದೆ. ಹನ್ನೆರಡು ಕಾರ್ಡು ಆರಿಸಿ ಪ್ರತಿಯೊಂದರ ಮುಂದಿನದು, ಹಿಂದಿನದು ಫೋಟೋ ತೆಗೆದೆವು. ಕಾರ್ಡಿನ ಸ್ಥಿತಿಗೂ ಇವರದೇ ಮಾತುಗಳಿವೆ. ಹೊಸದರ ಹಾಗಿದ್ದರೆ ಎನ್‌ಎಂ, ಸ್ವಲ್ಪ ಬಳಸಿದ್ದರೆ ಎಲ್‌ಪಿ, ಇನ್ನೂ ಸವೆದಿದ್ದರೆ ಎಂಪಿ, ಹಾಗೇ ಕೆಳಗೆ ಇಳಿಯುತ್ತದೆ. ಗೆಂಗಾರ್ ಕಾರ್ಡು, 094/165, ಮುಂದಿನಿಂದ ಕನ್ನಡಿ ಹಾಗೆ ಇತ್ತು. ತಿರುಗಿಸಿದರೆ ನೀಲಿ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಎರಡು ಬಿಳಿ ಚುಕ್ಕೆ. ನಾನು ಎನ್‌ಎಂ ಅಂತ ಹಾಕಲು ಹೊರಟೆ. ಮಗಳು, "ಅಮ್ಮ, ನಮಗೆ ಯಾರಾದ್ರೂ ಹಿಂಗೆ ಕಳಿಸಿದ್ರೆ?" ಅಂದಳು. ಎಲ್‌ಪಿ ಅಂತ ಬರೆದು ಆ ಚುಕ್ಕೆಯ ಹತ್ತಿರದ ಫೋಟೋ ಬೇರೆಯೇ ಹಾಕಿದೆವು. ಮೊದಲು ಮಾರಾಟವಾದದ್ದು ಅದೇ. ಕೊಂಡವರು, ಚುಕ್ಕೆ ತೋರಿಸಿದ್ದಕ್ಕೇ ನಂಬಿಕೆ ಬಂತು ಅಂದರು.

ಆದರೆ ಅದೇ ರಾತ್ರಿ ನಾನು ಮಾಡಿದ ತಪ್ಪು ಈಗಲೂ ನೆನಪಾದರೆ ಕಸಿವಿಸಿ ಆಗುತ್ತದೆ. ನಮ್ಮ ಹತ್ತಿರ ಚಾರಿಜಾರ್ಡ್ ಇಎಕ್ಸ್, 006/165, ಎರಡಿತ್ತು. ಒಂದಕ್ಕೆ 700 ರೂಪಾಯಿ ಹಾಕಿದ್ದೆ. 8.10ಕ್ಕೆ ಒಬ್ಬರು ಖಾಸಗಿ ಮೆಸೇಜಿನಲ್ಲಿ "ಇದೆಯಾ?" ಅಂತ ಕೇಳಿದರು. ಇದೆ ಅಂದೆ. ಅವರು ಸುಮ್ಮನಾದರು. 8.25ಕ್ಕೆ ಪೋಸ್ಟಿನ ಕೆಳಗೆ ಮಂಗಳೂರಿನ ಒಬ್ಬ ಹುಡುಗ "ಕ್ಲೇಮ್" ಅಂತ ಬರೆದ, ಅಂದರೆ ಹಾಕಿದ ಬೆಲೆಗೆ ನಾನು ತಗೊಳ್ಳುತ್ತೇನೆ ಅಂತ. ನಾನು ಅಡುಗೆಮನೆಯಲ್ಲಿದ್ದೆ, ನೋಡಿದೆ, ಉತ್ತರ ಕೊಡಲಿಲ್ಲ. 8.40ಕ್ಕೆ ಮೊದಲು ಕೇಳಿದವರು, "200 ಜಾಸ್ತಿ ಕೊಡ್ತೀನಿ, ಈಗಲೇ ಕಳಿಸ್ತೀನಿ" ಅಂದರು. ಮೊದಲು ಕೇಳಿದ್ದು ಇವರೇ ಅಲ್ವಾ ಅಂತ ನನಗೆ ನಾನೇ ಹೇಳಿಕೊಂಡು 900 ತಗೊಂಡೆ.

ಹತ್ತು ಗಂಟೆಗೆ ಆ ಹುಡುಗನ ಮೆಸೇಜು ಬಂತು, ಕನ್ನಡದಲ್ಲಿ. "ಅಕ್ಕಾ, ನಾನು ಕ್ಲೇಮ್ ಹಾಕಿದ್ದು ನೀವು ನೋಡ್ಲಿಲ್ವಾ? ಟ್ಯೂಷನ್ ಹೇಳಿದ ದುಡ್ಡು ಇತ್ತು, ಅದರಲ್ಲಿ ತೆಗೊಳ್ಳುವ ಅಂತ ಇದ್ದೆ." ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು.

ನಿಯಮ ತೆಗೆದು ಮತ್ತೆ ಓದಿದೆ. ಸ್ಪಷ್ಟವಾಗಿ ಇತ್ತು. ಇದೆಯಾ ಅಂತ ಕೇಳುವುದು ಬರೀ ಪ್ರಶ್ನೆ. ಪೋಸ್ಟಿನ ಕೆಳಗೆ ಎಲ್ಲರ ಎದುರು ಕ್ಲೇಮ್ ಹಾಕಿದವರದ್ದೇ ಸರದಿ. ಹಾಕಿದ ಬೆಲೆಗೆ ಕ್ಲೇಮ್ ಬಂದ ಮೇಲೆ ಯಾರು ಎಷ್ಟು ಜಾಸ್ತಿ ಕೊಟ್ಟರೂ ತಗೊಳ್ಳುವ ಹಾಗಿಲ್ಲ. ಮರುದಿನ ಬೆಳಿಗ್ಗೆ 900 ರೂಪಾಯಿ ವಾಪಸ್ ಕಳಿಸಿ ಕ್ಷಮೆ ಕೇಳಿದೆ. ಅವರು ಎರಡು ಮಾತು ಒರಟಾಗಿ ಆಡಿದರು, ಆಡಲಿ. ಹುಡುಗನಿಗೆ 700ಕ್ಕೇ ಕೊಟ್ಟೆ. ಪೋಸ್ಟಿನ ಕೆಳಗೆ ನಡೆದದ್ದನ್ನೆಲ್ಲ ನಾನೇ ಬರೆದೆ. ಅಡ್ಮಿನ್ ಒಂದು ಎಚ್ಚರಿಕೆ ಕೊಟ್ಟು ಬಿಟ್ಟರು. ಅಲ್ಲಿಂದ ಮುಂದೆ, ಯಾರಾದರೂ ಖಾಸಗಿಯಲ್ಲಿ ಕೇಳಿದರೆ "ದಯವಿಟ್ಟು ಪೋಸ್ಟಿನ ಕೆಳಗೆ ಕ್ಲೇಮ್ ಹಾಕಿ" ಅಂತ ಮೊದಲು ಹೇಳುತ್ತೇನೆ. ಕ್ಲೇಮ್ ಬಂದ ತಕ್ಷಣ "ನಿಮ್ಮದು" ಅಂತ ಉತ್ತರಿಸುತ್ತೇನೆ. ದುಡ್ಡು ಬಂದ ಮೇಲೆ ಪೋಸ್ಟಿನಲ್ಲೇ ಮಾರಾಟವಾಯಿತು ಅಂತ ತಿದ್ದುತ್ತೇನೆ. ಪೋಸ್ಟ್ ಅಳಿಸುವುದಿಲ್ಲ. ಅಳಿಸಿದರೆ ನಾಳೆ ಏನಾದರೂ ತಕರಾರು ಬಂದಾಗ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ಕೊಳ್ಳುವವರಿಗೂ ಒಂದು ಮಾತು: ಕ್ಲೇಮ್ ಅಂದರೆ ಕೊಟ್ಟ ಮಾತು. ಮನೆಯಲ್ಲಿ ಕೇಳಿ, ದುಡ್ಡು ನೋಡಿಕೊಂಡು ಆಮೇಲೆ ಹಾಕಿ. ನಮ್ಮಲ್ಲಿ 24 ಗಂಟೆಯೊಳಗೆ ದುಡ್ಡು ಹಾಕಬೇಕು.

ಆ ಹುಡುಗನ ಕಾರ್ಡೇ ಒಂಬತ್ತು ದಿನ ಕಾಣೆಯಾದದ್ದು. ಪ್ಯಾಕಿಂಗ್ ಚೆನ್ನಾಗಿಯೇ ಮಾಡಿದ್ದೆ. ಮೊದಲು ಸ್ಲೀವ್ ಅನ್ನುವ ತೆಳುವಾದ ಪ್ಲಾಸ್ಟಿಕ್ ಕವರು, ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಟಾಪ್‌ಲೋಡರ್. ಟಾಪ್‌ಲೋಡರ್ ಬಾಯಿಗೆ ಪೇಂಟರ್‌ಗಳು ಗೋಡೆಗೆ ಅಂಟಿಸುವ ಕಾಗದದ ಟೇಪು. ಟೇಪಿನ ತುದಿ ಮಡಚಿ ಕಿವಿ ಹಾಗೆ ಬಿಟ್ಟರೆ ಕತ್ತರಿ ಇಲ್ಲದೆ ಬಿಚ್ಚಬಹುದು. ಎರಡೂ ಕಡೆ ರಟ್ಟು, ಹೊರಗೆ ಗುಳ್ಳೆ ಇರುವ ಲಕೋಟೆ. ಸೆಲೋ ಟೇಪ್ ಮಾತ್ರ ಬೇಡವೇ ಬೇಡ, ಅಂಟು ಒಳಗೆ ಇಳಿಯುತ್ತದೆ. ಮುಚ್ಚುವ ಮುಂಚೆ ಕಾರ್ಡು, ವಿಳಾಸ ಎರಡೂ ಕಾಣುವ ಹಾಗೆ ಒಂದೇ ಉಸಿರಿನ ವಿಡಿಯೋ ಮಾಡಿದೆ. ಕೌಂಟರಿನಲ್ಲಿ ರಸೀದಿ ತಗೊಂಡು ಟ್ರ್ಯಾಕಿಂಗ್ ನಂಬರಿನ ಫೋಟೋ ಹುಡುಗನಿಗೆ ಕಳಿಸಿದೆ. ಟ್ರ್ಯಾಕಿಂಗ್ ಇರುವ ಸೇವೆಗೆ ಒಂದು ಲಕೋಟೆಗೆ ಸಾಮಾನ್ಯವಾಗಿ ನೂರು ರೂಪಾಯಿಯೊಳಗೆ ಆಗುತ್ತದೆ. ಅದನ್ನು ಉಳಿಸಲು ಹೋಗಬೇಡಿ.

ಮೂರು ದಿನದಲ್ಲಿ ತಲುಪಬೇಕಿತ್ತು. ನಾಲ್ಕನೇ ದಿನದಿಂದ ಟ್ರ್ಯಾಕಿಂಗ್ ಅಲುಗಾಡಲಿಲ್ಲ. ಜುಲೈ ತಿಂಗಳು, ಘಾಟಿಯಲ್ಲಿ ಮಳೆ ಜೋರಿತ್ತು. ಕಾರಣ ಅದೇನಾ ಬೇರೆಯಾ, ಯಾರೂ ಹೇಳಲಿಲ್ಲ. ನನಗೆ ಕಾಡಿದ್ದು ಒಂದೇ. ಮೊದಲೇ ಅವನ ಸರದಿ ತಪ್ಪಿಸಿದವಳು, ಈಗ ಕಾರ್ಡೂ ಕಳಿಸಿಲ್ಲ ಅಂತ ಅವನು ಅಂದುಕೊಂಡರೆ? ಪ್ರತಿದಿನ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಟ್ರ್ಯಾಕಿಂಗ್ ನೋಡಿ, "ಇವತ್ತೂ ಬದಲಾಗಿಲ್ಲ, ವಿಚಾರಿಸುತ್ತಿದ್ದೇನೆ" ಅಂತ ಅವನಿಗೆ ಒಂದು ಸಾಲು ಹಾಕುತ್ತಿದ್ದೆ. ಅವನು, "ಪರವಾಗಿಲ್ಲ ಅಕ್ಕಾ, ಕಾಯುವ" ಅನ್ನುತ್ತಿದ್ದ. ಹತ್ತು ದಿನ ದಾಟಿದರೆ ದುಡ್ಡು ವಾಪಸ್ ಕೊಡುತ್ತೇನೆ ಅಂತ ನಾನಾಗಿಯೇ ಹೇಳಿದ್ದೆ. ಒಂಬತ್ತನೇ ದಿನ ಸಂಜೆ ಅವನ ವಿಡಿಯೋ ಬಂತು. ಲಕೋಟೆಯ ಒಂದು ಮೂಲೆ ಒದ್ದೆಯಾಗಿ ಒಣಗಿ ಸುಕ್ಕಾಗಿತ್ತು. ಒಳಗಿನ ಕಾರ್ಡಿಗೆ ಏನೂ ಆಗಿರಲಿಲ್ಲ. ಅವತ್ತು ರಾತ್ರಿ ಅವನು ನಮ್ಮ ಹೆಸರಿಗೆ ಮೊದಲ ವೌಚ್ ಹಾಕಿದ. ಇವರ ಜೊತೆ ವ್ಯವಹಾರ ಮಾಡಿದ್ದೇನೆ, ನಂಬಬಹುದು ಅಂತ ಎಲ್ಲರ ಮುಂದೆ ಹೇಳುವುದಕ್ಕೆ ವೌಚ್ ಅನ್ನುತ್ತಾರೆ. ಹೊಸಬರಿಗೆ ಅದು ದುಡ್ಡಿಗಿಂತ ದೊಡ್ಡದು.

ಯಾಕೆಂದರೆ ಬದಲಾಯಿಸುವಾಗ ಯಾರು ಮೊದಲು ಕಳಿಸಬೇಕು ಅನ್ನುವುದು ವೌಚ್ ಲೆಕ್ಕದ ಮೇಲೆ ನಿಂತಿದೆ. ಕಡಿಮೆ ಇರುವವರು ಮೊದಲು ಕಳಿಸಬೇಕು. ಮೊದಲ ಎರಡು ತಿಂಗಳು ಪ್ರತಿ ಸಲವೂ ನಾವೇ ಮೊದಲು ಕಳಿಸಿದೆವು. ಕಷ್ಟ ಅನ್ನಿಸುತ್ತದೆ, ಆದರೆ ನ್ಯಾಯವಾದದ್ದೇ. ಬೆಲೆ ದೊಡ್ಡದಿದ್ದರೆ ಅಡ್ಮಿನ್ ಒಬ್ಬರು ಮಧ್ಯೆ ನಿಂತು ಎರಡೂ ಕಡೆಯ ಕಾರ್ಡು ತರಿಸಿಕೊಂಡು ನೋಡಿ ಕಳಿಸುತ್ತಾರೆ. ನಮಗೆ ಅದರ ಅಗತ್ಯ ಬೀಳಲಿಲ್ಲ.

ದುಡ್ಡಿನ ವಿಷಯದಲ್ಲಿ ಒಮ್ಮೆ ಸ್ವಲ್ಪದರಲ್ಲಿ ತಪ್ಪಿಸಿಕೊಂಡೆ. ಆಗಸ್ಟ್‌ನಲ್ಲಿ ಒಬ್ಬರು ನಮ್ಮ ನಾಲ್ಕು ಕಾರ್ಡು ತಗೊಳ್ಳುತ್ತೇನೆ ಅಂತ ಖಾಸಗಿಯಲ್ಲಿ ಬಂದು, ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ನಿಮಗೆ ದುಡ್ಡು ಬರುತ್ತದೆ ಅಂದರು. ದುಡ್ಡು ಪಡೆಯುವುದಕ್ಕೆ ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಪಿನ್ ಹಾಕಿದರೆ ಹೋಗುವುದು ನಮ್ಮ ದುಡ್ಡು. ಅಡ್ಮಿನ್‌ಗೆ ಸ್ಕ್ರೀನ್‌ಶಾಟ್ ಕಳಿಸಿದೆ, ಆ ಖಾತೆಯನ್ನು ಅವತ್ತೇ ತೆಗೆದರು. ಅಕಸ್ಮಾತ್ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಗ್ರೂಪಿನಲ್ಲಿ ಪೋಸ್ಟ್ ಹಾಕಿ ಬೈಯುತ್ತಾ ಕೂತರೆ ಸಮಯ ಹೋಗುತ್ತದೆ.

ಇನ್ನೊಂದು ಸಲ ತಪ್ಪು ನನ್ನದೇ. ಯಾರೋ ಮ್ಯೂಟೂ ಕಾರ್ಡಿಗೆ 150 ಹಾಕಿದ್ದರು. ನಾನು ಕೆಳಗೆ, ನನಗೆ 100ಕ್ಕೆ ಸಿಕ್ಕಿತ್ತು ಅಂತ ಬರೆದೆ. ನನ್ನ ಮಟ್ಟಿಗೆ ಅದು ಸುಮ್ನೆ ಮಾಹಿತಿ. ಮಾರುವವರ ಮಟ್ಟಿಗೆ, ಅವರ ಅಂಗಡಿ ಮುಂದೆ ನಿಂತು ಗಿರಾಕಿ ಓಡಿಸಿದ ಹಾಗೆ. ಕೊಳ್ಳುವ ಮನಸ್ಸಿದ್ದರೆ ಎಷ್ಟಕ್ಕೆ ಕೊಡುತ್ತೀರಿ ಅಂತ ಮರ್ಯಾದೆಯಿಂದ ಕೇಳಬಹುದು, ಇಲ್ಲದಿದ್ದರೆ ಮುಂದೆ ಹೋಗಬೇಕು. ಹಾಗೇ ಇನ್ನೊಬ್ಬರ ಪೋಸ್ಟಿನ ಕೆಳಗೆ ನನ್ನ ಹತ್ತಿರವೂ ಇದೆ ಅಂತ ಬರೆಯುವುದೂ ತಪ್ಪು. ನಮ್ಮ ಪೋಸ್ಟ್ ಕೆಳಗೆ ಹೋದರೆ ಮೇಲೆ ತರಲು ಬಂಪ್ ಅಂತ ಹಾಕುತ್ತಾರೆ, ಅದು ದಿನಕ್ಕೆ ಒಂದೇ ಸಲ.

ನಮಗೆ ಬಂದ ಒಂದು ಕಾರ್ಡು ಹಾಳಾಗಿತ್ತು. ಕಳಿಸಿದವರು ಟಾಪ್‌ಲೋಡರ್ ಇಲ್ಲದೆ ಸ್ಲೀವಿನ ಬಾಯಿಗೆ ನೇರ ಸೆಲೋ ಟೇಪ್ ಹಾಕಿದ್ದರು. ಎಳೆದಾಗ ಅಂಟು ತಾಗಿ ಮೇಲಿನ ಅಂಚು ಕಿತ್ತು ಬಂತು. ಮಗಳ ಕಣ್ಣಲ್ಲಿ ನೀರು. ನನಗೆ ತಕ್ಷಣ ಗ್ರೂಪಿನಲ್ಲಿ ಹಾಕಬೇಕು ಅನ್ನಿಸಿತು. ಹಾಕಲಿಲ್ಲ. ಬಿಚ್ಚುವಾಗ ಮಾಡಿದ ವಿಡಿಯೋ ಅವರಿಗೆ ಖಾಸಗಿಯಾಗಿ ಕಳಿಸಿದೆ. ಅವರು ನನ್ನ ಹಾಗೆಯೇ ಹೊಸಬರು, ತುಂಬಾ ನೊಂದುಕೊಂಡರು, ಅರ್ಧ ದುಡ್ಡು ವಾಪಸ್ ಕಳಿಸಿದರು. ಮೊದಲು ಖಾಸಗಿಯಲ್ಲಿ ಕೇಳಿ, 48 ಗಂಟೆ ಕಾಯಿರಿ, ಉತ್ತರ ಬರದಿದ್ದರೆ ಅಡ್ಮಿನ್, ಅದೂ ಆಗದಿದ್ದರೆ ಮಾತ್ರ ಎಲ್ಲರ ಮುಂದೆ. ಈ ಕ್ರಮ ನಮ್ಮ ಗ್ರೂಪಿನದು. ಬೇರೆ ಕಡೆ ಗಂಟೆ ಲೆಕ್ಕ ಹೆಚ್ಚುಕಡಿಮೆ ಇರಬಹುದು. ಬಿಚ್ಚುವ ವಿಡಿಯೋ ಮಾತ್ರ ಎಲ್ಲಿದ್ದರೂ ಮಾಡಿ. ಲಕೋಟೆ ಮುಚ್ಚಿರುವುದು, ವಿಳಾಸ, ಕತ್ತರಿಸುವುದು, ಕಾರ್ಡಿನ ಎರಡೂ ಮುಖ, ಎಲ್ಲ ಒಂದೇ ಓಟದಲ್ಲಿ ಇರಬೇಕು. ಮಧ್ಯೆ ನಿಲ್ಲಿಸಿದ ವಿಡಿಯೋ ಲೆಕ್ಕಕ್ಕಿಲ್ಲ.

ಸೆಪ್ಟೆಂಬರ್‌ನಲ್ಲಿ ಬ್ಲಾಸ್ಟಾಯ್ಸ್ ಇಎಕ್ಸ್ ಹರಾಜಿಗೆ ಬಂತು. ರಾತ್ರಿ ಹತ್ತಕ್ಕೆ ಮುಕ್ತಾಯ, ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಕೂಗಿದರೆ ಇನ್ನೈದು ನಿಮಿಷ ಮುಂದಕ್ಕೆ. ಹಾಕಿದ ಬಿಡ್ ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಮಗಳೂ ನಾನೂ 500ಕ್ಕೆ ನಿಲ್ಲೋಣ ಅಂತ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆವು. 520ಕ್ಕೆ ಬೇರೆಯವರು ಗೆದ್ದರು. ಇನ್ನೊಂದು ಐವತ್ತು ಹಾಕಮ್ಮ ಅಂದಳು, ಹಾಕಲಿಲ್ಲ. ಎರಡು ದಿನ ಬಿಟ್ಟು ಗೆದ್ದವರು ದುಡ್ಡು ಕೊಡಲಿಲ್ಲ ಅಂತ ಮಾರುವವರೇ ನಮಗೆ ಬರೆದರು. ನಮ್ಮ 500ಕ್ಕೇ ಬಂತು.

ಅಕ್ಟೋಬರ್ ಕೊನೆಗೆ ಬಾಕಿ ಉಳಿದದ್ದು ಒಂದೇ. ಸೈಡಕ್, 054/165. ತಲೆ ಹಿಡಿದುಕೊಂಡು ನಿಂತಿರುವ ಹಳದಿ ಬಾತುಕೋಳಿ. ಮೂಲೆಯಲ್ಲಿ ಕಪ್ಪು ವೃತ್ತದ ಗುರುತು, ಅಂದರೆ ಮಾಮೂಲಿ ಕಾರ್ಡು, ಹತ್ತು ರೂಪಾಯಿಯದು. ಹತ್ತು ರೂಪಾಯಿ ಕಾರ್ಡಿಗೆ ಎಂಬತ್ತು ರೂಪಾಯಿ ಅಂಚೆ ಹಾಕಿ ಯಾರು ಕಳಿಸುತ್ತಾರೆ? ಹುಬ್ಬಳ್ಳಿಯ ಒಬ್ಬರು, ಬೇರೆ ಏನಾದರೂ ಕೊಂಡರೆ ಜೊತೆಗೆ ಹಾಕುತ್ತೇನೆ, ಅಲ್ಲಿಯವರೆಗೆ ಎತ್ತಿಡುತ್ತೇನೆ ಅಂದರು. ಒಳ್ಳೆಯ ಮನಸ್ಸು. ಆದರೆ ನಮಗೆ ಬೇರೆ ಏನೂ ಬೇಕಿರಲಿಲ್ಲ. ಅವರ ಬಳಿ ಸುಮ್ಮನೆ ಎತ್ತಿಡಿಸಿಕೊಂಡು ಕಾಯಿಸುವುದು ಸರಿಯಲ್ಲ ಅಂತ ಹಾಗೇ ಹೇಳಿಬಿಟ್ಟೆ. ಕಾರ್ಡುಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿಡುವ ಬೈಂಡರಿನಲ್ಲಿ ಒಂದು ಹಾಳೆಗೆ ಒಂಬತ್ತು ಜೇಬು. ಆರನೇ ಹಾಳೆಯ ಕೊನೆಯ ಜೇಬು, ಬಲಗಡೆ ಕೆಳಗಿನದು, ಮೂರು ವಾರ ಖಾಲಿ ಇತ್ತು. ಅವಳು ಅಲ್ಲಿಗೆ ಬಂದಾಗಲೆಲ್ಲ ಬೆರಳು ಅದರ ಮೇಲೆ ಇಟ್ಟು ಮುಂದಿನ ಹಾಳೆ ತಿರುಗಿಸುತ್ತಿದ್ದಳು.

ಕೊನೆಗೆ ಅವಳೇ ಪೋಸ್ಟ್ ಬರೆಯುತ್ತೇನೆ ಅಂದಳು. ಬೇಕಾಗಿದೆ ಅನ್ನುವ ಪೋಸ್ಟಿನಲ್ಲೂ ಎಷ್ಟು ಕೊಡುತ್ತೇವೆ ಅಂತ ಹೇಳಬೇಕು. ಸೈಡಕ್ ಒಂದು, ಸ್ಥಿತಿ ಎಲ್‌ಪಿ ಆದರೂ ಸಾಕು, 20 ರೂಪಾಯಿ, ಅಂಚೆ ಖರ್ಚು ಪೂರ್ತಿ ನಮ್ಮದು, ಇಲ್ಲವಾದರೆ ನಮ್ಮ ಎರಡನೇ ಪ್ರತಿಗಳಲ್ಲಿ ಯಾವುದಾದರೂ ಐದು ಕಾರ್ಡು. ಆ ಐದು ಆರಿಸುವುದಕ್ಕೆ ರಾಶಿಯ ಫೋಟೋ, ಪಕ್ಕದಲ್ಲಿ ಚೀಟಿ. ಚೀಟಿಯನ್ನು ಅವಳು ಕನ್ನಡದಲ್ಲಿ ಬರೆದಳು, ದಿನಾಂಕವನ್ನೂ ಕನ್ನಡ ಅಂಕಿಯಲ್ಲಿ. ಒಪ್ಪುತ್ತಾರೋ ಇಲ್ಲವೋ ಅಂತ ನನಗೆ ಅಳುಕಿತ್ತು. ಅಡ್ಮಿನ್ ಏನೂ ಅನ್ನಲಿಲ್ಲ.

ಅದನ್ನು ನೋಡಿ ಬರೆದವರು ಶಿರಸಿಯ ಒಬ್ಬ ಮೇಷ್ಟ್ರು. ಅವರ ಮಗ ಈಗ ಕಾಲೇಜು, ಕಾರ್ಡುಗಳು ಕಪಾಟಿನಲ್ಲಿವೆಯಂತೆ. ದುಡ್ಡು ಬೇಡ, ಐದು ಕಾರ್ಡೂ ಬೇಡ, ಒಂದು ಪಿಕಾಚು ಕೊಡಿ, ನಮ್ಮ ಮನೆಯದು ಎಲ್ಲೋ ಕಳೆದುಹೋಗಿದೆ ಅಂದರು. ನಮ್ಮ ವೌಚ್ ಹದಿನಾಲ್ಕು, ಅವರದು ಎರಡು. ನಿಯಮದ ಪ್ರಕಾರ ಅವರು ಮೊದಲು ಕಳಿಸಬೇಕು. ಇಬ್ಬರೂ ಒಂದೇ ದಿನ ಕಳಿಸೋಣ ಅಂತ ಕೇಳಿದೆ. "ಬೇಡ ತಂಗಿ, ನಿಯಮ ಇದ್ದ ಹಾಗೆ ಆಗ್ಲಿ" ಅಂದರು.

ಖರ್ಚು ಕೇಳುವವರಿಗೆ: ಕಾರ್ಡುಗಳಿಗೆ 4,260, ಅಂಚೆಗೆ 1,480, ಸ್ಲೀವ್, ಟಾಪ್‌ಲೋಡರ್, ಲಕೋಟೆ, ಬೈಂಡರ್ ಎಲ್ಲ ಸೇರಿ 1,350. ಎರಡನೇ ಪ್ರತಿಗಳನ್ನು ಮಾರಿ ಬಂದದ್ದು 3,150. ಕೈಯಿಂದ ಹೋದದ್ದು 3,940. ಮಾವ ಕೊಡಿಸಿದ ಪೆಟ್ಟಿಗೆ ಇದರಲ್ಲಿಲ್ಲ.

ಮಂಗಳವಾರ ಲಕೋಟೆ ಬಂತು. ಸಂಜೆ ಅವಳು ಶಾಲೆಯಿಂದ ಬರುವವರೆಗೆ ಟೇಬಲ್ಲಿನ ಮೇಲೆ ಹಾಗೇ ಇಟ್ಟಿದ್ದೆ. ಯೂನಿಫಾರ್ಮಿನಲ್ಲೇ ಕೂತಳು. ನಾನು ಫೋನ್ ಹಿಡಿದೆ, ಅವಳು ಮೊದಲು ವಿಳಾಸ ತೋರಿಸಿದಳು, ಆಮೇಲೆ ನಾಲ್ಕೂ ಅಂಚು, ಆಮೇಲೆ ಕತ್ತರಿ. ಒಳಗೆ ರಟ್ಟು, ರಟ್ಟಿನೊಳಗೆ ಟಾಪ್‌ಲೋಡರ್, ಬಾಯಿಗೆ ಕಾಗದದ ಟೇಪು, ತುದಿ ಮಡಚಿತ್ತು. ಎರಡೂ ಮುಖ ತಿರುಗಿಸಿ ತೋರಿಸಿ, "ಅಮ್ಮ, ಎನ್‌ಎಂ" ಅಂದಳು. ಬೈಂಡರಿನ ಆರನೇ ಹಾಳೆ ತೆಗೆದು ಕೊನೆಯ ಜೇಬಿಗೆ ನಿಧಾನಕ್ಕೆ ಇಳಿಸಿದಳು. ಕೈ ತೊಳೆಯಲೂ ಹೋಗದೆ ನನ್ನ ಫೋನ್ ಕೇಳಿದಳು. ಮೇಷ್ಟ್ರಿಗೆ ಅವರ ಮೂರನೇ ವೌಚ್ ತಾನೇ ಬರೆಯಬೇಕಂತೆ.